ಚಿಲ್ಲರೆಯಲ್ಲಿ ಬೆಲೆಬಾಳುವ ನಾಣ್ಯ: ಹೊಸ ಸಂಗ್ರಾಹಕರ ಕಿಟ್ ಎಷ್ಟು ಉಪಯುಕ್ತ?

ಕೈಗೆ ಬಂದ ಚಿಲ್ಲರೆಯಲ್ಲಿ ಮುಖಬೆಲೆಗಿಂತ ಹೆಚ್ಚು ಬೆಲೆಬಾಳುವ ನಾಣ್ಯವೇನಾದರೂ ಇದೆಯೇ ಎಂದು ಹುಡುಕಲು ಹೊರಟ ಹೊಸ ಸಂಗ್ರಾಹಕರಿಗಾಗಿ ಈಗ ಸಿದ್ಧ ಕಿಟ್‌ಗಳು ಮಾರಾಟಕ್ಕಿವೆ. ಪೆಟ್ಟಿಗೆಯ ಮೇಲಿನ ಹೆಸರು ಬೇರೆಬೇರೆಯಾದರೂ ಒಳಗಿನ ಸರಂಜಾಮು ಹೆಚ್ಚುಕಡಿಮೆ ಒಂದೇ: ಮಡಚಿಡಬಹುದಾದ ಮಸೂರ, ಅಂಗೈಯಗಲದ ಡಿಜಿಟಲ್ ತಕ್ಕಡಿ, ಪುಟ್ಟ ಅಯಸ್ಕಾಂತ, ಒಂದಷ್ಟು ಪ್ಲಾಸ್ಟಿಕ್ ಲಕೋಟೆಗಳು, ನಾಣ್ಯಕ್ಕೆ ಹೊಳಪು ಕೊಡುವ ದ್ರಾವಣ ಮತ್ತು ಫೋಟೊ ತೆಗೆದರೆ ಸಾಕು, ನಾಣ್ಯ ಯಾವುದೆಂದೂ ಅದರ ಬೆಲೆ ಎಷ್ಟೆಂದೂ ಹೇಳುವ ಮೊಬೈಲ್ ಆ್ಯಪ್‌ನ ಪ್ರಾಯೋಗಿಕ ಚಂದಾ. ನಾನು ಕೊಂಡ ಕಿಟ್‌ನ ಹೊದಿಕೆಯ ಮೇಲೆ ಆ್ಯಪ್‌ನ ವರ್ಣನೆಯೇ ಅರ್ಧ ಜಾಗವನ್ನು ತುಂಬಿಕೊಂಡಿದ್ದು, ತಕ್ಕಡಿಯ ಪಾಲಿಗೆ ಸಿಕ್ಕಿದ್ದು ಒಂದೇ ಸಾಲು. ಬಳಸಿ ನೋಡಿದ ಮೇಲೆ ನನಗೆ ಕಂಡದ್ದು ಇದಕ್ಕೆ ತದ್ವಿರುದ್ಧವಾದ ಕ್ರಮ. ತಕ್ಕಡಿ ಮೊದಲು, ಮಸೂರ ಅದರ ಬೆನ್ನಿಗೆ, ಅಯಸ್ಕಾಂತ ಮೂರನೆಯದು. ಆ್ಯಪ್ ಇದ್ದರೂ ಆದೀತು, ಇಲ್ಲದಿದ್ದರೂ ನಡೆದೀತು. ಹೀಗೆ ಹೇಳುವುದಕ್ಕೆ ಕಾರಣಗಳನ್ನು ಕೊಡಬೇಕಾದುದರಿಂದ ಆ್ಯಪ್‌ನಿಂದಲೇ ಆರಂಭಿಸುತ್ತೇನೆ.

ಆ್ಯಪ್‌ಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಮೊದಲು ಸಲ್ಲಿಸುವುದು ನ್ಯಾಯ. ಪರಿಚಯವಿಲ್ಲದ ಲಿಪಿಯ, ಯಾವ ದೇಶದ್ದೆಂದು ಊಹೆಗೂ ನಿಲುಕದ ನಾಣ್ಯವೊಂದು ಕೈಗೆ ಸಿಕ್ಕಾಗ ಅದರ ದೇಶ, ಮುಖಬೆಲೆ ಮತ್ತು ಚಲಾವಣೆಯಲ್ಲಿದ್ದ ಅವಧಿಯನ್ನು ಅದು ಕ್ಷಣಾರ್ಧದಲ್ಲಿ ಹೇಳುತ್ತದೆ, ಬಹುಪಾಲು ಸರಿಯಾಗಿಯೇ ಹೇಳುತ್ತದೆ. ವಿನ್ಯಾಸವೇ ವಿರಳವಾಗಿರುವ ನಾಣ್ಯಗಳ ವಿಷಯದಲ್ಲಿ ಇದು ನಿಜಕ್ಕೂ ಪ್ರಯೋಜನಕಾರಿ. ಮೊನಾಕೊ 2007ರಲ್ಲಿ ತನ್ನ ರಾಜಕುಮಾರಿಯಾಗಿದ್ದ ಗ್ರೇಸ್ ಕೆಲಿಯ ನೆನಪಿಗಾಗಿ ಹೊರಡಿಸಿದ 2 ಯೂರೊ ನಾಣ್ಯಗಳ ಸಂಖ್ಯೆ 20,001 ಮಾತ್ರ. ಆ ಮುಖಚಿತ್ರವಿರುವ ನಾಣ್ಯವನ್ನು ಗುರುತಿಸಲು ಫೋಟೊ ಧಾರಾಳವಾಗಿ ಸಾಕು. ಲಂಡನ್ನಿನ ಸಸ್ಯೋದ್ಯಾನವಾದ ಕ್ಯೂ ಗಾರ್ಡನ್ಸ್ ಹೆಸರಿನ, ಬ್ರಿಟನ್ನಿನ 2009ರ 50 ಪೆನ್ಸ್ ನಾಣ್ಯವೂ ಹಾಗೆಯೇ. ಚಲಾವಣೆಗೆ ಬಂದದ್ದು 2,10,000 ನಾಣ್ಯಗಳಷ್ಟೇ ಆದುದರಿಂದ ಅಲ್ಲಿನ ಸಂಗ್ರಾಹಕರು ಚಿಲ್ಲರೆಯಲ್ಲಿ ಮೊದಲು ಹುಡುಕುವುದು ಅದರ ಹಿಂಬದಿಯ ಪಗೋಡವನ್ನೇ. ಆದರೆ ಇಲ್ಲಿಂದಲೇ ತೊಡಕು ಶುರುವಾಗುತ್ತದೆ. ಅದೇ ಪಗೋಡವನ್ನು 2019ರಲ್ಲಿ ಸಂಗ್ರಾಹಕರ ಸೆಟ್‌ಗಳಿಗಾಗಿ ಮತ್ತೆ ಅಚ್ಚು ಹಾಕಲಾಯಿತು; ಇದನ್ನು ಹಳೆಯದರಿಂದ ಬೇರ್ಪಡಿಸುವ ಇಸವಿ ಇರುವುದು ರಾಣಿಯ ಚಿತ್ರವಿರುವ ಬದಿಯಲ್ಲಿ. ಹಿಂಬದಿಯ ಫೋಟೊವನ್ನಷ್ಟೇ ನೋಡಿದ ಆ್ಯಪ್ ಎರಡಕ್ಕೂ ಒಂದೇ ಉತ್ತರ ಕೊಟ್ಟರೆ ಆಶ್ಚರ್ಯಪಡಬೇಕಿಲ್ಲ.

ಚಿಲ್ಲರೆಯಲ್ಲಿ ಸಿಗಬಹುದಾದ ಬೆಲೆಬಾಳುವ ನಾಣ್ಯಗಳಲ್ಲಿ ಬಹುಪಾಲು, ನೋಡುವುದಕ್ಕೆ ತಮ್ಮ ಸಾವಿರಾರು ಅಗ್ಗದ ಸೋದರರಂತೆಯೇ ಇರುತ್ತವೆ. ಬೆಲೆ ಅಡಗಿರುವುದು ವಿನ್ಯಾಸದಲ್ಲಲ್ಲ, ಆ ವಿನ್ಯಾಸದೊಳಗಿನ ಒಂದು ಸಣ್ಣ ವ್ಯತ್ಯಾಸದಲ್ಲಿ. ಫೋಟೊ ನೋಡಿ ತೀರ್ಮಾನಿಸುವ ತಂತ್ರಾಂಶದ ಜಾಣತನವೆಲ್ಲ ಬೆಳಕು, ಕೊಳೆ, ಸವೆತ ಮುಂತಾದ ಸಣ್ಣಪುಟ್ಟ ವ್ಯತ್ಯಾಸಗಳನ್ನು ಬದಿಗೊತ್ತಿ ಒಟ್ಟು ಆಕಾರವನ್ನು ಹಿಡಿಯುವುದರಲ್ಲಿದೆ. ನಮಗೆ ಬೇಕಾದದ್ದು ಹಾಗೆ ಬದಿಗೊತ್ತಿದ ವ್ಯತ್ಯಾಸವೇ. ಆಸ್ಟ್ರೇಲಿಯದ 2000ದ 1 ಡಾಲರ್ ನಾಣ್ಯವನ್ನು ತೆಗೆದುಕೊಳ್ಳಿ. ಅವುಗಳಲ್ಲಿ ಕೆಲವಕ್ಕೆ ಮುಂಬದಿಯ ಅಚ್ಚಾಗಿ 10 ಸೆಂಟ್ ನಾಣ್ಯದ ಅಚ್ಚನ್ನು ಅಚಾತುರ್ಯದಿಂದ ಜೋಡಿಸಿಬಿಟ್ಟಿದ್ದರು. ಡಾಲರ್ ನಾಣ್ಯದ ವ್ಯಾಸ 25 ಮಿಲಿಮೀಟರ್, 10 ಸೆಂಟ್ ನಾಣ್ಯದ್ದು 23.6 ಮಿಲಿಮೀಟರ್, ಈ ಅಂತರದಿಂದಾಗಿ ರಾಣಿಯ ಚಿತ್ರದ ಸುತ್ತ ಅಂಚುಪಟ್ಟಿ ಎರಡು ಸುತ್ತಿನದಾಗಿ ಕಾಣುತ್ತದೆ. ಚಿತ್ರ ಅದೇ, ಅಕ್ಷರ ಅದೇ, ಇಸವಿಯೂ ಅದೇ. ಈ ನಾಣ್ಯದ ಒಳ್ಳೆಯ ಚಿತ್ರವೊಂದನ್ನು ನಾನು ಒಂದು ಆ್ಯಪ್‌ಗೆ ತೋರಿಸಿದಾಗ ಅದು ಯಾವ ಅಳುಕೂ ಇಲ್ಲದೆ ಸಾಮಾನ್ಯ 1 ಡಾಲರ್ ಎಂದು ಘೋಷಿಸಿತು.

ಇನ್ನೂ ಮೂಲಭೂತವಾದ ಕೊರತೆಗಳಿವೆ. ಆ್ಯಪ್ ನಾಣ್ಯದ ಎರಡು ಬದಿಗಳನ್ನು ಎರಡು ಪ್ರತ್ಯೇಕ ಫೋಟೊಗಳಲ್ಲಿ ಕೇಳುತ್ತದೆ. ಹಾಗಾಗಿ ಎರಡೂ ಬದಿಗಳ ನಡುವಿನ ಕೋನ ಅದಕ್ಕೆ ತಿಳಿಯುವ ಸಂಭವವೇ ಇಲ್ಲ. ಒಂದು ಬದಿಯ ಅಚ್ಚು ತಿರುಗಿಹೋಗಿ ಹಿಂಬದಿಯ ಚಿತ್ರ ಓರೆಯಾಗಿ ಅಥವಾ ತಲೆಕೆಳಗಾಗಿ ಬಿದ್ದಿರುವ ನಾಣ್ಯಗಳನ್ನು ಸಂಗ್ರಾಹಕರು ಆಸಕ್ತಿಯಿಂದ ಕೊಳ್ಳುತ್ತಾರೆ. ಅಂಥ ನಾಣ್ಯವನ್ನು ಎರಡು ಬೆರಳುಗಳ ನಡುವೆ ಹಿಡಿದು ಒಮ್ಮೆ ಹೊರಳಿಸಿದರೆ ದೋಷ ಬರಿಗಣ್ಣಿಗೇ ಕಾಣುತ್ತದೆ, ಆದರೆ ಆ್ಯಪ್‌ಗೆ ಎಂದೆಂದಿಗೂ ಕಾಣುವುದಿಲ್ಲ. ನಾಣ್ಯದ ಅಂಚಂತೂ ಅದರ ಲೆಕ್ಕದಲ್ಲೇ ಇಲ್ಲ. ಅಮೆರಿಕದಲ್ಲಿ 2007ರಲ್ಲಿ ಬಂದ ಜಾರ್ಜ್ ವಾಷಿಂಗ್ಟನ್ ಡಾಲರ್ ನಾಣ್ಯದ ಇಸವಿ, ಟಂಕಸಾಲೆಯ ಗುರುತು ಮತ್ತು ಧ್ಯೇಯವಾಕ್ಯಗಳನ್ನು ಅಂಚಿನ ಮೇಲೆ ಮೂಡಿಸುವ ವ್ಯವಸ್ಥೆಯಿತ್ತು. ಆ ಹಂತವನ್ನು ದಾಟದೆ ನುಣ್ಣನೆಯ ಅಂಚಿನೊಂದಿಗೆ ಹೊರಬಿದ್ದ ನಾಣ್ಯಗಳೇ ಮುಂದೆ ಬೇಡಿಕೆಯ ವಸ್ತುಗಳಾದವು. ಮುಂಬದಿ ಹಿಂಬದಿಗಳನ್ನು ಎಷ್ಟು ಸ್ಪಷ್ಟವಾಗಿ ಚಿತ್ರಿಸಿಕೊಂಡರೂ ಈ ಬೆಲೆ ಸಿಗುವುದಿಲ್ಲ. ಅಂಚಿನ ಬಗ್ಗೆ ಹೇಳುವಾಗ ಒಂದು ತಪ್ಪು ನಂಬಿಕೆಯನ್ನೂ ನಿವಾರಿಸಬೇಕು: ಈ ಡಾಲರ್‌ಗಳಲ್ಲಾಗಲಿ ಬ್ರಿಟನ್ನಿನ 2 ಪೌಂಡ್ ನಾಣ್ಯಗಳಲ್ಲಾಗಲಿ ಅಂಚಿನ ಬರಹ ತಲೆಕೆಳಗಾಗಿರುವುದು ದೋಷವಲ್ಲ. ಯಂತ್ರದೊಳಕ್ಕೆ ನಾಣ್ಯ ಯಾವ ಬದಿ ಮೇಲಾಗಿ ಹೋಯಿತೆಂಬುದರ ಮೇಲೆ ಅದು ನಿರ್ಧಾರವಾಗುತ್ತದೆಯಾದ್ದರಿಂದ ಎರಡೂ ಬಗೆಯವು ಸರಿಸುಮಾರು ಸಮಸಮವಾಗಿ ಸಿಗುತ್ತವೆ.

ಆ್ಯಪ್ ತೋರಿಸುವ ಬೆಲೆಯ ವಿಷಯ ಬೇರೆಯೇ. ನಾಣ್ಯದ ಸ್ಥಿತಿಯನ್ನು ಸಂಗ್ರಾಹಕರು 1ರಿಂದ 70ರವರೆಗಿನ ಶೆಲ್ಡನ್ ಮಾನದಂಡದಲ್ಲಿ ಅಳೆಯುತ್ತಾರೆ, ಮತ್ತು ಚಲಾವಣೆಯ ಸವೆತವೇ ಇಲ್ಲದ ನಾಣ್ಯಗಳಿಗೆ ಮೀಸಲಾದ 60ರಿಂದ ಮೇಲಿನ ಅಂಕಗಳಲ್ಲಿ ಒಂದೆರಡು ಅಂಕದ ಏರಿಳಿತವೂ ಬೆಲೆಯನ್ನು ಹಲವು ಪಟ್ಟು ಬದಲಾಯಿಸಬಲ್ಲುದು. ಜೇಬಿನಿಂದ ಜೇಬಿಗೆ ಹಾದುಬಂದ ಚಿಲ್ಲರೆ ನಾಣ್ಯ ಆ ಮೇಲಿನ ವರ್ಗಕ್ಕೆ ಸೇರುವುದು ಅಪರೂಪ. ಹಾಗಿದ್ದೂ ನಾನು ನೋಡಿದ ಆ್ಯಪ್‌ಗಳು ಅತ್ಯುತ್ತಮ ಸ್ಥಿತಿಯ ನಾಣ್ಯಕ್ಕೆ ಸಲ್ಲುವ ಬೆಲೆಯನ್ನು ದಪ್ಪಕ್ಷರಗಳಲ್ಲಿ ತೋರಿಸಿ, ಸವೆದ ನಾಣ್ಯದ ಬೆಲೆಯನ್ನು ಹುಡುಕಿದರಷ್ಟೇ ಸಿಗುವ ಕಡೆ ಇಟ್ಟಿದ್ದವು. ಮಾರುವವರು ಕೇಳುವ ಬೆಲೆಗೂ ನಿಜವಾಗಿ ಮಾರಾಟವಾದ ಬೆಲೆಗೂ ಇರುವ ಅಂತರವನ್ನು ಅವು ಸೂಚಿಸುವುದಿಲ್ಲ. ಇದರ ಮೇಲೆ ಚಂದಾದ ಕಿರಿಕಿರಿ ಬೇರೆ. ಉಚಿತ ಅವಧಿ ಮುಗಿದ ಕೂಡಲೇ ವಾರದ ಲೆಕ್ಕದ ಚಂದಾ ತಾನಾಗಿಯೇ ಆರಂಭವಾಗುವ ವ್ಯವಸ್ಥೆ ನನ್ನ ಕಿಟ್‌ನ ಆ್ಯಪ್‌ನಲ್ಲಿತ್ತು, ಅದನ್ನು ರದ್ದುಮಾಡುವ ಗುಂಡಿ ಆ್ಯಪ್‌ನ ಒಳಗೆಲ್ಲೂ ಇರಲಿಲ್ಲ. ಫೋನಿನ ಚಂದಾ ಪಟ್ಟಿಗೆ ಹೋಗಿ ಅಲ್ಲಿಂದ ತೆಗೆಯಬೇಕಾಯಿತು. ಆ್ಯಪ್ ಅಳವಡಿಸಿಕೊಂಡ ದಿನವೇ ಚಂದಾವನ್ನು ರದ್ದುಮಾಡಿಟ್ಟರೂ ಉಚಿತ ಅವಧಿ ಸಾಮಾನ್ಯವಾಗಿ ಪೂರ್ತಿ ನಡೆಯುತ್ತದೆ. ಅದೇ ಜಾಣತನ.

ಇನ್ನು ತಕ್ಕಡಿ. ಕಿಟ್‌ನಲ್ಲಿ ಬಂದದ್ದು 0.01 ಗ್ರಾಂವರೆಗೆ ತೋರಿಸುವ, 200 ಗ್ರಾಂವರೆಗೆ ತೂಗುವ ಸಾಧಾರಣ ಯಂತ್ರ. ಮುಚ್ಚಳ ತೆಳುವಾದ ಪ್ಲಾಸ್ಟಿಕ್ಕಿನದು, ಗುಂಡಿಗಳು ಗಟ್ಟಿ, ಪರದೆಯ ಬೆಳಕು ಕೊಂಚ ಮಂಕು. ಇಷ್ಟಾದರೂ ಇಡೀ ಪೆಟ್ಟಿಗೆಯಲ್ಲಿ ಕೊಟ್ಟ ಹಣಕ್ಕೆ ನ್ಯಾಯ ಒದಗಿಸಿದ ವಸ್ತು ಇದೇ. ಏಕೆಂದರೆ ಬಹುತೇಕ ದೇಶಗಳಲ್ಲಿ ಒಂದಲ್ಲ ಒಂದು ಕಾಲಕ್ಕೆ ಲೋಹ ದುಬಾರಿಯಾಯಿತೆಂಬ ಕಾರಣಕ್ಕೆ ಅದೇ ಗಾತ್ರದ, ಅದೇ ಚಿತ್ರದ ನಾಣ್ಯವನ್ನು ಅಗ್ಗದ ಲೋಹದಲ್ಲಿ ಅಚ್ಚು ಹಾಕಲು ತೊಡಗಿದ್ದಾರೆ. ಆ ಬದಲಾವಣೆಯ ಆಚೀಚಿನ ನಾಣ್ಯಗಳು ಒಟ್ಟೊಟ್ಟಿಗೆ ಚಲಾವಣೆಯಲ್ಲಿ ಉಳಿದುಕೊಂಡಿವೆ. ಕಣ್ಣಿಗೆ ಮರೆಯಾದ ಈ ವ್ಯತ್ಯಾಸ ತಕ್ಕಡಿಗೆ ಮರೆಯಾಗುವುದಿಲ್ಲ.

ಇದಕ್ಕೆ ಅಮೆರಿಕದ 1982ರ ಸೆಂಟ್‌ಗಿಂತ ಒಳ್ಳೆಯ ಪಾಠ ಮತ್ತೊಂದಿಲ್ಲ. ಆ ವರ್ಷದ ನಡುವೆ ಸೆಂಟ್ ನಾಣ್ಯದ ಲೋಹವನ್ನು ಶೇಕಡಾ 95ರಷ್ಟು ತಾಮ್ರವಿದ್ದ ಮಿಶ್ರಣದಿಂದ ತಾಮ್ರಲೇಪಿತ ಸತುವಿಗೆ ಬದಲಾಯಿಸಲಾಯಿತು. ಹಳೆಯದರ ತೂಕ 3.11 ಗ್ರಾಂ, ಹೊಸದರ ತೂಕ 2.5 ಗ್ರಾಂ. ಇಸವಿಯ ಅಂಕಿಗಳು ಕೂಡ ಆ ವರ್ಷ ದೊಡ್ಡವು ಮತ್ತು ಚಿಕ್ಕವು ಎಂಬ ಎರಡು ರೂಪಗಳಲ್ಲಿದ್ದವು, ಅಚ್ಚು ಹಾಕಿದ ಟಂಕಸಾಲೆಗಳ ಗುರುತಿನ ದೃಷ್ಟಿಯಿಂದಲೂ ಎರಡು ಬಗೆಗಳಿದ್ದವು. ಹೀಗೆ ಲೋಹ, ಅಂಕಿಯ ಗಾತ್ರ, ಟಂಕಸಾಲೆ ಎಂಬ ಮೂರನ್ನೂ ಕೂಡಿಸಿದರೆ ಎಂಟು ಸಾಧ್ಯತೆಗಳು ಹುಟ್ಟುತ್ತವೆ. ಚಲಾವಣೆಗೆಂದು ಕ್ರಮಬದ್ಧವಾಗಿ ತಯಾರಾದವು ಅವುಗಳಲ್ಲಿ ಏಳು. ಎಂಟನೆಯದು, ಅಂದರೆ ಡೆನ್ವರ್ ಟಂಕಸಾಲೆಯ ‘ಡಿ’ ಗುರುತು ಮತ್ತು ಚಿಕ್ಕ ಅಂಕಿಗಳಿರುವ ತಾಮ್ರದ ಸೆಂಟ್, ತಯಾರಾಗಬಾರದಿದ್ದ ನಾಣ್ಯ. ಅದರ ಮೊದಲ ಪ್ರತಿ ಪತ್ತೆಯಾದದ್ದು 2016ರಲ್ಲಿ. ಹುಡುಕುವವರು ಮಾಡಬೇಕಾದ ಕೆಲಸ ಇಷ್ಟೇ: ‘ಡಿ’ ಇರುವ 1982ರ ಚಿಕ್ಕ ಅಂಕಿಯ ಸೆಂಟ್‌ಗಳನ್ನು ಬೇರೆ ಮಾಡಿ ಒಂದೊಂದನ್ನೇ ತೂಗುವುದು. ತೂಕ 2.5ರ ಸುತ್ತಮುತ್ತ ಇದ್ದರೆ ಅದರ ಬೆಲೆ ಒಂದೇ ಸೆಂಟ್, 3.1ರ ಸುತ್ತಮುತ್ತ ಇದ್ದರೆ ಪರಿಣತರ ಬಾಗಿಲು ತಟ್ಟಬಹುದು. ಯಾವ ಫೋಟೊವೂ ಈ ತೀರ್ಪನ್ನು ಕೊಡಲಾರದು.

ಬೆಳ್ಳಿಯ ವಿಷಯದಲ್ಲೂ ಇದೇ ಮಾತು. ಅಮೆರಿಕದ ಕ್ವಾರ್ಟರ್, ಅಂದರೆ 25 ಸೆಂಟ್ ನಾಣ್ಯ, 1964ರವರೆಗೆ ಶೇಕಡಾ 90ರಷ್ಟು ಬೆಳ್ಳಿಯಿಂದ ಕೂಡಿ 6.25 ಗ್ರಾಂ ತೂಗುತ್ತಿತ್ತು. 1965ರಿಂದ ತಾಮ್ರದ ಹೃದಯಕ್ಕೆ ತಾಮ್ರ-ನಿಕ್ಕಲ್ ಮಿಶ್ರಣದ ಹೊದಿಕೆಯಿರುವ ನಾಣ್ಯ 5.67 ಗ್ರಾಂ ತೂಗತೊಡಗಿತು. ಇಲ್ಲಿ ಇಸವಿಯೇ ಉತ್ತರ ಹೇಳುತ್ತದಲ್ಲವೇ ಎಂದು ಕೇಳಬಹುದು. ನಿಜ, ಆದರೆ ಇಸವಿ ಬದಲಾದರೂ ಇನ್ನೂ ಅಚ್ಚು ಬೀಳದ ಹಳೆಯ ಲೋಹದ ಬಿಲ್ಲೆಗಳು ಯಂತ್ರದ ತೊಟ್ಟಿಯಲ್ಲಿ ಉಳಿದು, 1965ರ ಅಚ್ಚು ಬೆಳ್ಳಿಯ ಬಿಲ್ಲೆಯ ಮೇಲೆ ಬಿದ್ದ ಉದಾಹರಣೆಗಳಿವೆ, ಮತ್ತು ಅಂಥವೇ ಹೆಚ್ಚು ಬೆಲೆಬಾಳುವವು. ತೂಗುವ ಮೊದಲೇ ಸುಳಿವು ಕೊಡುವ ಜಾಗವೊಂದಿದೆ: ಹೊದಿಕೆಯ ನಾಣ್ಯವನ್ನು ಅಂಚಿನಿಂದ ನೋಡಿದರೆ ನಡುವೆ ಕೆಂಪು ಗೆರೆಯೊಂದು ಸುತ್ತಲೂ ಓಡುತ್ತದೆ, ಬೆಳ್ಳಿಯ ನಾಣ್ಯದ ಅಂಚು ಇಡಿಯಾಗಿ ಬಿಳಿಯಾಗಿರುತ್ತದೆ. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಪಕ್ಕದಿಂದ ಕಣ್ಣು ಹಾಯಿಸಿದರೆ ಕೆಂಪು ಗೆರೆಗಳ ನಡುವೆ ಬಿಳಿಯದು ತಾನಾಗಿಯೇ ಎದ್ದು ಕಾಣುತ್ತದೆ.

ತಕ್ಕಡಿಯನ್ನು ನಂಬುವುದಕ್ಕೂ ಒಂದು ಕ್ರಮ ಬೇಕು. ಟಂಕಸಾಲೆಗಳು ತೂಕದಲ್ಲಿ ಸ್ವಲ್ಪ ಹೆಚ್ಚುಕಡಿಮೆಗೆ ಅವಕಾಶ ಇಟ್ಟುಕೊಂಡಿರುತ್ತವೆ. ಸತುವಿನ ಸೆಂಟ್‌ನಲ್ಲಿ ಇದು 0.10 ಗ್ರಾಂ, ನಿಕ್ಕಲ್ ಎಂದೇ ಕರೆಯುವ, 5 ಗ್ರಾಂ ತೂಕದ ಅಮೆರಿಕನ್ 5 ಸೆಂಟ್ ನಾಣ್ಯದಲ್ಲಿ 0.194 ಗ್ರಾಂ. ಆದ್ದರಿಂದ 2.46 ಎಂದು ತೋರಿಸಿದ ಕೂಡಲೇ ಅಪರೂಪದ ದೋಷ ಸಿಕ್ಕಿತೆಂದು ಹಿಗ್ಗಬೇಕಾಗಿಲ್ಲ. ತಕ್ಕಡಿ ಸರಿಯಾಗಿದೆಯೇ ಎಂದು ಪರೀಕ್ಷಿಸಲು 5 ಗ್ರಾಂನ ನಿಕ್ಕಲ್ ನಾಣ್ಯವನ್ನೇ ಇಟ್ಟು ನೋಡಿ ಎಂಬ ಸಲಹೆಯನ್ನು ಕಿಟ್‌ನ ಕೈಪಿಡಿಯೇ ಕೊಡುತ್ತದೆ. ತನ್ನಲ್ಲೇ ಅಷ್ಟು ಹೆಚ್ಚುಕಡಿಮೆ ಇರುವ ವಸ್ತುವಿನಿಂದ 0.01 ಗ್ರಾಂನ ಯಂತ್ರವನ್ನು ಹೇಗೆ ಪರೀಕ್ಷಿಸುವುದೋ ಬರೆದವರೇ ಹೇಳಬೇಕು. ಪ್ರತ್ಯೇಕ ಪ್ರಮಾಣ ತೂಕವೊಂದನ್ನು ಕೊಂಡುಕೊಳ್ಳುವುದು ಒಳ್ಳೆಯದು. ಈ ಕಿಟ್‌ನಲ್ಲಿ ಅದಿರಲಿಲ್ಲ. ಸವೆತದಿಂದ ತೂಕ ಇಳಿಯುತ್ತದೆ, ಅಂಟಿದ ಕೊಳೆಯಿಂದ ಒಂದಿಷ್ಟು ಏರುತ್ತದೆ, ಫ್ಯಾನಿನ ಗಾಳಿಗೆ ಕೊನೆಯ ಅಂಕಿ ಕುಣಿಯುತ್ತದೆ. ಸಮತಟ್ಟಾದ ಮೇಜು, ನಿಂತ ಗಾಳಿ, ತುಂಬಿದ ಬ್ಯಾಟರಿ ಇಷ್ಟಿದ್ದರೆ ನನ್ನ ಯಂತ್ರ ಒಂದೇ ನಾಣ್ಯಕ್ಕೆ ಪ್ರತಿ ಸಲವೂ ಒಂದೇ ಅಂಕಿ ಕೊಟ್ಟಿದೆ. ಬ್ಯಾಟರಿ ತಗ್ಗಿದಾಗ ಮಾತ್ರ ಎಚ್ಚರಿಕೆಯನ್ನೇನೂ ಕೊಡದೆ ತಪ್ಪು ತೋರಿಸುವುದು ಇದರ ನಿಜವಾದ ದೋಷ.

ಅಯಸ್ಕಾಂತಕ್ಕೆ ಪೆಟ್ಟಿಗೆಯಲ್ಲಿ ಕೊಟ್ಟ ಬೆಲೆ ನಗಣ್ಯ, ಅದರ ಕೆಲಸ ಹಾಗಲ್ಲ. ತಕ್ಕಡಿ ಸೋಲುವ ಕಡೆ ಇದು ಗೆಲ್ಲುತ್ತದೆ. ಬ್ರಿಟನ್ನಿನಲ್ಲಿ 1992ರಲ್ಲಿ 1 ಪೆನ್ನಿ ನಾಣ್ಯವನ್ನು ಕಂಚಿನಿಂದ ತಾಮ್ರಲೇಪಿತ ಉಕ್ಕಿಗೆ ಬದಲಾಯಿಸಿದಾಗ ತೂಕವನ್ನು ಹಿಂದಿನ 3.56 ಗ್ರಾಂನಲ್ಲೇ ಉಳಿಸಿಕೊಳ್ಳಲು ನಾಣ್ಯವನ್ನು ತುಸು ದಪ್ಪ ಮಾಡಿದರು. ಹೀಗಾಗಿ ತೂಗಿ ಫಲವಿಲ್ಲ, ಅಯಸ್ಕಾಂತಕ್ಕೆ ಅಂಟಿಕೊಂಡದ್ದು ಉಕ್ಕು, ಅಂಟದ್ದು ಕಂಚು. ಕೆನಡಾದ 1968ರ 10 ಸೆಂಟ್ ಮತ್ತು 25 ಸೆಂಟ್ ನಾಣ್ಯಗಳು ಇದಕ್ಕಿಂತ ಸ್ವಾರಸ್ಯಕರ. ಒಂದೇ ಇಸವಿಯಲ್ಲಿ, ಒಂದೇ ಚಿತ್ರದೊಂದಿಗೆ, ಶೇಕಡಾ 50ರಷ್ಟು ಬೆಳ್ಳಿಯಿರುವವು ಮತ್ತು ಅಪ್ಪಟ ನಿಕ್ಕಲ್‌ನವು ಎರಡೂ ಹೊರಬಂದವು. ನಿಕ್ಕಲ್ ಅಯಸ್ಕಾಂತದ ಸೆಳೆತಕ್ಕೆ ಸಿಗುವ ಲೋಹ, ಬೆಳ್ಳಿ ಸಿಗದ ಲೋಹ. ಹಿಡಿ ತುಂಬ ನಾಣ್ಯಗಳ ಮೇಲೆ ಅಯಸ್ಕಾಂತವನ್ನು ಆಡಿಸಿದರೆ ಹಿಂದೆ ಉಳಿಯುವುದೇ ನಮಗೆ ಬೇಕಾದ್ದು.

ನಕಲಿಗಳನ್ನು ತಡೆಯುವುದರಲ್ಲೂ ಇದರ ಪಾತ್ರ ದೊಡ್ಡದು. ಯುದ್ಧಕಾಲದ ತಾಮ್ರದ ಅಭಾವದಿಂದ 1943ರ ಅಮೆರಿಕನ್ ಸೆಂಟ್‌ಗಳನ್ನು ಸತು ಲೇಪಿಸಿದ ಉಕ್ಕಿನಲ್ಲಿ ಮಾಡಿದ್ದರು. ತಪ್ಪಿ ಕಂಚಿನ ಬಿಲ್ಲೆಯ ಮೇಲೆ ಅಚ್ಚಾದ ಕೆಲವೇ ಕೆಲವು ನಾಣ್ಯಗಳು ಸಂಗ್ರಾಹಕರ ಲೋಕದಲ್ಲಿ ದಂತಕಥೆಗಳಾಗಿವೆ. ಆ ಆಸೆಗೆ ಬಲಿಬೀಳುವವರಿಗಾಗಿಯೇ ಸಾಧಾರಣ ಉಕ್ಕಿನ ಸೆಂಟ್‌ಗೆ ತಾಮ್ರ ಬಳಿದು ಮಾರುವವರಿದ್ದಾರೆ. ಅಯಸ್ಕಾಂತಕ್ಕೆ ಅಂಟಿದರೆ ಮಾತು ಅಲ್ಲಿಗೇ ಮುಗಿಯಿತು. ಅಂಟದಿದ್ದರೆ ಮುಗಿಯಲಿಲ್ಲ, ಏಕೆಂದರೆ 1948ರ ಕಂಚಿನ ಸೆಂಟ್‌ನ 8ನ್ನು ಒಂದು ಬದಿ ಕೆರೆದು 3 ಮಾಡುವುದೂ ಹಳೆಯ ಕೈಚಳಕ. ಅದನ್ನು ಹಿಡಿಯುವುದು ಮಸೂರದ ಕೆಲಸ.

ಮಸೂರದ ಚೌಕಟ್ಟಿನ ಮೇಲೆ ಕಿಟ್‌ನವರು ‘30 ಪಟ್ಟು’ ಎಂದು ಕೆತ್ತಿಸಿದ್ದಾರೆ. ಇದನ್ನು ಯಾರು ಬೇಕಾದರೂ ಅಳತೆಪಟ್ಟಿಯಿಂದ ಪರೀಕ್ಷಿಸಬಹುದು: ಚಿತ್ರ ಸ್ಪಷ್ಟವಾಗಿ ಕಾಣುವಾಗ ಮಸೂರಕ್ಕೂ ನಾಣ್ಯಕ್ಕೂ ಇರುವ ದೂರವನ್ನು ಮಿಲಿಮೀಟರುಗಳಲ್ಲಿ ಅಳೆದು, 250ನ್ನು ಅದರಿಂದ ಭಾಗಿಸಿದರೆ ಹಿಗ್ಗಿಸುವ ಪ್ರಮಾಣ ಸುಮಾರಾಗಿ ಸಿಗುತ್ತದೆ. ನಿಜವಾದ 30 ಪಟ್ಟಿನ ಮಸೂರವನ್ನು ನಾಣ್ಯಕ್ಕೆ ಸುಮಾರು 8 ಮಿಲಿಮೀಟರಿನಷ್ಟು ಹತ್ತಿರ ಹಿಡಿಯಬೇಕಾಗುತ್ತದೆ, ಆಗ ಬೆಳಕು ಒಳಗೆ ನುಸುಳುವುದೇ ಕಷ್ಟ. ಈ ಮಸೂರ ಸ್ಪಷ್ಟವಾಗಿ ಕಾಣಿಸಿದ್ದು 25 ಮಿಲಿಮೀಟರಿನ ಆಸುಪಾಸಿನಲ್ಲಿ, ಅಂದರೆ ಇದು 10 ಪಟ್ಟಿನ ಮಸೂರ. ಬರಹ ಸುಳ್ಳಾದರೂ ವಸ್ತು ಕೆಟ್ಟದ್ದಲ್ಲ; ನಾಣ್ಯ ನೋಡಲು ಬೇಕಾದದ್ದು 10 ಪಟ್ಟೇ. ಅದಕ್ಕಿಂತ ಹೆಚ್ಚಾದರೆ ನಾಣ್ಯದ ಒಂದು ಮೂಲೆ ಮಾತ್ರ ಕಂಡು ಎಲ್ಲಿದ್ದೇವೆಂಬುದೇ ತಿಳಿಯುವುದಿಲ್ಲ. ಆಕ್ಷೇಪಿಸಬೇಕಾದ್ದು ಗಾಜಿನ ಗುಣಮಟ್ಟದ ಬಗ್ಗೆ. ಒಂಟಿ ಗಾಜಿನದಾದ ಕಾರಣ ನೋಟದ ನಡುಭಾಗವಷ್ಟೇ ಸ್ಪಷ್ಟವಾಗಿದ್ದು, ಸುತ್ತಲಿನ ಅಕ್ಷರಗಳು ಬಾಗಿ ಅವುಗಳ ಅಂಚಿಗೆ ನೀಲಿ ಕೆಂಪು ಛಾಯೆ ಕಟ್ಟುತ್ತದೆ. ಮೂರು ಗಾಜುಗಳನ್ನು ಬೆಸೆದು ಮಾಡಿದ, ಟ್ರಿಪ್ಲೆಟ್ ಎಂದು ಕರೆಯುವ 10 ಪಟ್ಟಿನ ಮಸೂರವನ್ನು ಬೇರೆಯಾಗಿ ಕೊಂಡವರಿಗೆ ಈ ತೊಂದರೆಯಿಲ್ಲ.

ಮಸೂರವನ್ನು ಕಣ್ಣಿಗೆ ಹತ್ತಿರ ಹಿಡಿದು ನಾಣ್ಯವನ್ನು ಅದರ ಬಳಿಗೆ ತರಬೇಕು, ದೀಪ ಒಂದೇ ಆಗಿದ್ದು ಓರೆಯಾಗಿ ಬೀಳಬೇಕು. ಹಾಗೆ ನೋಡಿದಾಗ ಹೊಸಬರು ಮೊದಲು ಕಲಿಯಬೇಕಾದ ಭೇದ, ಎರಡು ಬಗೆಯ ಜೋಡಿ ಅಕ್ಷರಗಳ ನಡುವಿನದು. ಅಚ್ಚನ್ನು ತಯಾರಿಸುವಾಗಲೇ ಅದರ ಮೇಲೆ ಚಿತ್ರವನ್ನು ಎರಡನೆಯ ಸಲ ಒತ್ತಿದಾಗ ಸ್ವಲ್ಪ ಸರಿದುಹೋದರೆ ಜೋಡಿ ಅಚ್ಚು ಹುಟ್ಟುತ್ತದೆ, ಮತ್ತು ಆ ಅಚ್ಚಿನಿಂದ ಹೊರಬರುವ ಪ್ರತಿ ನಾಣ್ಯದಲ್ಲೂ ಅದು ಹಾಗೆಯೇ ಮೂಡುತ್ತದೆ. ಇಂಥ ನಾಣ್ಯದಲ್ಲಿ ಅಕ್ಷರ ಸಹಜಕ್ಕಿಂತ ಅಗಲವಾಗಿರುತ್ತದೆ. ಎರಡನೆಯ ರೂಪವೂ ಮೊದಲಿನದರಷ್ಟೇ ದುಂಡಗೆ, ಎತ್ತರವಾಗಿ ನಿಂತಿರುತ್ತದೆ. ಅಕ್ಷರದ ಚಾಚಿದ ತುದಿಗಳಲ್ಲಿ ಎರಡೂ ಸೇರುವೆಡೆ ಸ್ಪಷ್ಟವಾದ ಕಚ್ಚು ಕಾಣುತ್ತದೆ. ಇದಕ್ಕೆ ಬದಲಾಗಿ, ಅಚ್ಚು ಸಡಿಲವಾಗಿದ್ದು ನಾಣ್ಯದ ಮೇಲೆ ಬಿದ್ದ ಮರುಕ್ಷಣ ಪಕ್ಕಕ್ಕೆ ಜಾರಿದರೆ ಅದು ಅಕ್ಷರದ ಪಕ್ಕವನ್ನು ಸವರಿಕೊಂಡು ಹೋಗುತ್ತದೆ. ಆಗ ಅಕ್ಷರದ ಬುಡದಲ್ಲಿ ತಗ್ಗಾದ, ಚಪ್ಪಟೆಯಾದ, ಹೊಳೆಯುವ ಮೆಟ್ಟಿಲೊಂದು ಉಳಿದು ಅಕ್ಷರದ ಮೈ ಸಣ್ಣದಾಗುತ್ತದೆ. ಮೊದಲಿನದಕ್ಕೆ ಬೆಲೆಯಿದೆ, ಎರಡನೆಯದಕ್ಕೆ ಇಲ್ಲ. ಮೂರನೆಯದೂ ಒಂದಿದೆ: ಬಳಸಿ ಬಳಸಿ ಅಚ್ಚೇ ಸವೆದು ಅಂಕಿಗಳ ಸುತ್ತ ಮಸುಕಾದ ನೆರಳು ಮೂಡುವುದು. ಅಮೆರಿಕದ 1955ರ ಸೆಂಟ್‌ನಲ್ಲಿ ಎರಡೂ ಸಿಗುತ್ತವೆ. ಬರಿಗಣ್ಣಿಗೇ ಇಸವಿ ಎರಡೆರಡಾಗಿ ಕಾಣುವ ಪ್ರಸಿದ್ಧ ಜೋಡಿ ಅಚ್ಚು ಒಂದು ಕಡೆ, ಕೊನೆಯ 5ರ ಪಕ್ಕದಲ್ಲಷ್ಟೇ ನೆರಳಿರುವ ಸವೆದ ಅಚ್ಚು ಇನ್ನೊಂದು ಕಡೆ. ಎರಡನೆಯದನ್ನು ಸಂಗ್ರಾಹಕರು ಬಡವನ ಜೋಡಿ ಅಚ್ಚು ಎಂದು ನಗೆಯಾಡುತ್ತಾರೆ. ಆ್ಯಪ್ ಈ ಮೂರನ್ನೂ ಬೇರೆ ಮಾಡಿ ಹೇಳಿದ್ದನ್ನು ನಾನು ಕಂಡಿಲ್ಲ. 1982ರ ನಂತರದ ಸತುವಿನ ಸೆಂಟ್‌ಗಳಲ್ಲಿ ಲೇಪನದ ಅಡಿಯಲ್ಲಿ ಗಾಳಿ ಸೇರಿ ಏಳುವ ಗುಳ್ಳೆಗಳನ್ನು ಮಾತ್ರ ಅದು ಉತ್ಸಾಹದಿಂದ ‘ದೋಷ ಇರಬಹುದು’ ಎಂದು ಗುರುತಿಸುತ್ತದೆ. ಆ ಗುಳ್ಳೆಗಳಿಗೆ ಯಾರೂ ಹಣ ಕೊಡುವುದಿಲ್ಲ.

ಟಂಕಸಾಲೆಯ ಗುರುತುಗಳನ್ನು ಓದುವುದೂ ಮಸೂರದಿಂದಲೇ ಸಾಧ್ಯ. ಭಾರತದ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರಾಕೃತಿಯಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೊಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಸವೆದ ನಾಣ್ಯದಲ್ಲಿ ನಕ್ಷತ್ರದ ಮೂಲೆಗಳು ತೇಯ್ದು ಚುಕ್ಕೆಯಂತೆ ಕಾಣಬಹುದು, ಚುಕ್ಕೆಯ ಜಾಗದಲ್ಲಿ ಕೊಳೆ ಕೂತಿರಬಹುದು. ಓರೆ ಬೆಳಕಿನಲ್ಲಿ ಲೋಹದ ಉಬ್ಬಿಗೆ ಒಂದು ಪಕ್ಕ ನೆರಳು ಬೀಳುತ್ತದೆ, ಕಲೆಗೆ ಬೀಳುವುದಿಲ್ಲ. ಗುರುತು ಇಲ್ಲದಿರುವುದೇ ಬೆಲೆಯಾಗುವ ಸಂದರ್ಭವೂ ಉಂಟು. ಅಮೆರಿಕದ ಫಿಲಡೆಲ್ಫಿಯಾ ಟಂಕಸಾಲೆ 1980ರಿಂದ ಡೈಮ್ ಎಂಬ ತನ್ನ 10 ಸೆಂಟ್ ನಾಣ್ಯಗಳ ಮೇಲೆ ‘ಪಿ’ ಅಕ್ಷರ ಹಾಕತೊಡಗಿತು. 1982ರಲ್ಲಿ ಆ ಅಕ್ಷರವೇ ಇಲ್ಲದ ಅಚ್ಚೊಂದರಿಂದ ಕೆಲವು ನಾಣ್ಯಗಳು ಹೊರಬಿದ್ದವು. 1979ರ ಡೈಮ್‌ನಲ್ಲಿ ‘ಪಿ’ ಇಲ್ಲದಿರುವುದು ಸಹಜ, 1982ರದರಲ್ಲಿ ಇಲ್ಲದಿರುವುದು ಅಪರೂಪ. ಬ್ರಿಟನ್ನಿನ 2 ಪೆನ್ಸ್ ನಾಣ್ಯದ ಮೇಲೆ 1981ರವರೆಗೂ ‘ನ್ಯೂ ಪೆನ್ಸ್’ ಎಂದೇ ಇತ್ತು, ಆಮೇಲೆ ‘ಟು ಪೆನ್ಸ್’ ಆಯಿತು. 1983ರ ಇಸವಿಯಿದ್ದೂ ‘ನ್ಯೂ ಪೆನ್ಸ್’ ಎಂದಿರುವ, ಸಂಗ್ರಾಹಕರ ಸೆಟ್‌ಗಳ ಮೂಲಕ ಬಂದ ಕೆಲವನ್ನು ಬಿಟ್ಟರೆ ಉಳಿದ ‘ನ್ಯೂ ಪೆನ್ಸ್’ ನಾಣ್ಯಗಳೆಲ್ಲ ಮುಖಬೆಲೆಯವೇ. ಅದೇ ದೇಶದ 20 ಪೆನ್ಸ್ ನಾಣ್ಯದ ಇಸವಿಯನ್ನು 2008ರ ಹೊಸ ವಿನ್ಯಾಸದೊಂದಿಗೆ ಹಿಂಬದಿಯಿಂದ ಮುಂಬದಿಗೆ ಸಾಗಿಸಿದಾಗ ಹಳೆಯ ಮುಂಬದಿ ಮತ್ತು ಹೊಸ ಹಿಂಬದಿಯ ಅಚ್ಚುಗಳು ಜೊತೆಯಾಗಿ, ಎರಡೂ ಕಡೆ ಇಸವಿಯೇ ಇಲ್ಲದ ನಾಣ್ಯಗಳು ಚಲಾವಣೆಗೆ ಹೋದವು. ಹಿಂಬದಿಯನ್ನಷ್ಟೇ ನೋಡಿ ಇಸವಿಯಿಲ್ಲವೆಂದು ಸಂಭ್ರಮಿಸುವವರ ಸಂಖ್ಯೆ ಆ ನಾಣ್ಯಗಳ ಸಂಖ್ಯೆಗಿಂತ ದೊಡ್ಡದಿರಬೇಕು.

ಇಂಥ ತಿಳಿವಳಿಕೆ ಯಾವ ಉಪಕರಣದಿಂದಲೂ ಬರುವುದಿಲ್ಲ, ಅದಕ್ಕೆ ಕ್ಯಾಟಲಾಗ್ ಬೇಕು. ಹಣ ಕೊಟ್ಟ ಆ್ಯಪ್‌ಗಿಂತ ನನಗೆ ಹೆಚ್ಚು ನೆರವಾದದ್ದು ನ್ಯೂಮಿಸ್ಟಾ ಎಂಬ ಉಚಿತ ಜಾಲತಾಣ. ಸಂಗ್ರಾಹಕರೇ ಸೇರಿ ಬೆಳೆಸಿದ ಆ ಕ್ಯಾಟಲಾಗ್‌ನಲ್ಲಿ ಪ್ರತಿ ನಾಣ್ಯದ ಲೋಹ, ತೂಕ, ವ್ಯಾಸ, ಅಂಚಿನ ಬಗೆ, ಎರಡು ಬದಿಗಳ ಪರಸ್ಪರ ದಿಕ್ಕು ಇವುಗಳ ವಿವರ ಒಂದೆಡೆ ಸಿಗುವುದರಿಂದ ತಕ್ಕಡಿ ಮತ್ತು ಅಯಸ್ಕಾಂತ ಹೇಳಿದ್ದನ್ನು ತಾಳೆ ನೋಡಲು ಅನುಕೂಲ. ಆ್ಯಪ್‌ನಿಂದ ದೇಶ ಮತ್ತು ಮುಖಬೆಲೆ ತಿಳಿದುಕೊಂಡು, ಮುಂದಿನದನ್ನು ಇಲ್ಲಿ ಹುಡುಕುವುದಾದರೆ ಆ್ಯಪ್‌ನ ಉಚಿತ ಭಾಗವೇ ಸಾಕಾಗುತ್ತದೆ. ಕಿಟ್‌ನ ದುಬಾರಿ ಆವೃತ್ತಿಯೊಂದಿಗೆ ಬರುವ ಯುಎಸ್‌ಬಿ ಸೂಕ್ಷ್ಮದರ್ಶಕ ಜೋಡಿ ಅಚ್ಚಿನ ಫೋಟೊವನ್ನು ಇನ್ನೊಬ್ಬರಿಗೆ ಕಳುಹಿಸಲು ಚೆನ್ನಾಗಿದೆ, ಆದರೆ ರಾಶಿ ನಾಣ್ಯಗಳನ್ನು ಶೋಧಿಸುವುದಕ್ಕೆ ಅದು ತೀರ ನಿಧಾನ.

ಕಿಟ್‌ನ ಉಳಿದೆರಡು ವಸ್ತುಗಳು ನಿಷ್ಪ್ರಯೋಜಕವಷ್ಟೇ ಅಲ್ಲ, ಹಾನಿಕರ. ಹೊಳಪಿನ ದ್ರಾವಣ ಲೋಹದ ಮೇಲ್ಪದರವನ್ನೇ ಕರಗಿಸುತ್ತದೆ. ಹಾಗೆ ತೊಳೆದ ನಾಣ್ಯದ ಅಸಹಜ ಬೆಳ್ಳನೆಯ ಹೊಳಪನ್ನು ಅನುಭವಿಗಳು ಒಂದೇ ನೋಟಕ್ಕೆ ಹಿಡಿದು ಬೆಲೆಯನ್ನು ಕಡಿತಗೊಳಿಸುತ್ತಾರೆ, ಮತ್ತು ಹೋದ ಮೇಲ್ಮೈ ಮರಳಿ ಬರುವುದಿಲ್ಲ. ಬಾಟಲಿಯನ್ನು ತೆರೆಯದೆ ಇಟ್ಟುಬಿಡುವುದು ಲೇಸು. ಲಕೋಟೆಗಳು ಬೆರಳಿಗೆ ಮೆತ್ತಗೆ ಸಿಗುತ್ತವೆ, ಮೂಗಿಗೆ ಹೊಸ ಪ್ಲಾಸ್ಟಿಕ್ಕಿನ ಘಾಟು ಬಡಿಯುತ್ತದೆ. ಇವೆರಡೂ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಮೃದುವಾದ ಬಗೆಯ ಲಕ್ಷಣಗಳು. ಕಾಲಕ್ರಮದಲ್ಲಿ ಅದರಿಂದ ಒಸರುವ ಅಂಶಗಳು ನಾಣ್ಯದ ಮೇಲೆ, ವಿಶೇಷವಾಗಿ ತಾಮ್ರದ ಮೇಲೆ, ಹಸಿರು ಜಿಗುಟನ್ನು ಕಟ್ಟಿಸಿ ಲೋಹವನ್ನು ತಿನ್ನುತ್ತವೆ. ಹಲವು ನಾಣ್ಯ ಜರಡಿ ಹಿಡಿದು ಹುಡುಕಿದ 3.1 ಗ್ರಾಂನ ಸೆಂಟ್ ಒಂದನ್ನು ಇವುಗಳಲ್ಲಿ ಇಡುವ ಬದಲು ಪಾಲಿಯೆಸ್ಟರ್ ಹಾಳೆಯ ಕಿಟಕಿಯಿರುವ ರಟ್ಟಿನ ಚೌಕಗಳಲ್ಲಿ ಇಡಬೇಕು. ಅವು ಕಿಟ್‌ನಲ್ಲಿ ಬರುವುದಿಲ್ಲ, ಬೇರೆಯಾಗಿಯೇ ಕೊಳ್ಳಬೇಕು.